ಚುಕ್ತಾ ಆದವನ ಹೆಸರು

ದೀಪಾವಳಿಗೆ ಮೊದಲಿನ ವಾರ ಕೊಟ್ಟೂರಿನ ಯಾವುದಾದರೂ ದಲ್ಲಾಳಿ ಅಂಗಡಿಯಲ್ಲಿ ಅರ್ಧ ದಿನ ಕೂತು ನೋಡಿ. "ನಂದು ಏನೈತಿ ನೋಡ್ರಿ ಸಾವ್ಕಾರ್ರ" ಎಂದು ರೈತ ಕೇಳುತ್ತಾನೆ. ಗುಮಾಸ್ತ ಖಾತೆ ಪುಸ್ತಕದ ಹಾಳೆ ತಿರುವುತ್ತಾನೆ, ಬೆರಳನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತಾನೆ, ತಲೆ ಎತ್ತದೆ "ನಿಮ್ದು ಚುಕ್ತಾ ಆಗೇತಿ" ಎನ್ನುತ್ತಾನೆ. ರೈತ ಅಷ್ಟಕ್ಕೇ ಏಳುವುದಿಲ್ಲ. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡುತ್ತಾನೆ. ಓದು ಬಾರದವನೂ ನೋಡುತ್ತಾನೆ. ಮೇಲೆ ತನ್ನ ಹೆಸರು, ಕೆಳಗೆ ಎರಡು ಗೆರೆ, ಗೆರೆಯ ಪಕ್ಕ ಆ ಒಂದು ಶಬ್ದ. ಇಷ್ಟು ಕಣ್ಣಿಗೆ ಬಿದ್ದ ಮೇಲೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುವುದು.

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಲು ಕಲಿತ ನನಗೆ ಈ ಎರಡು ಗೆರೆಯ ಬೆಲೆ ಗೊತ್ತಾದದ್ದು ತಡವಾಗಿ. ಅದೂ ಒಂದು ತಂತ್ರಾಂಶ ಆ ಗೆರೆಯನ್ನು ತೋರಿಸದೆ ಹೋದಾಗ.

ತಂತ್ರಾಂಶದ ಹೆಸರು ಎಚ್‌ಲೆಡ್ಜರ್. ನಮ್ಮ ಸೀಮೆಯ ಪೇಟೆಗಳಲ್ಲಿ ಲೆಕ್ಕದ ಕಂಪ್ಯೂಟರ್ ಅಂದರೆ ಬೆಂಗಳೂರಿನ ಟ್ಯಾಲಿಯೇ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಬಸ್ ಸ್ಟ್ಯಾಂಡಿನ ಎದುರು ನಿಂತರೂ ಅದನ್ನು ಕಲಿಸುವ ಬೋರ್ಡು ಕಾಣುತ್ತದೆ. ಎಚ್‌ಲೆಡ್ಜರ್ ಬೇರೆ ಜಾತಿಯದು. ಇದಕ್ಕೆ ಕಿಟಕಿಗಳಿಲ್ಲ, ಗುಂಡಿಗಳಿಲ್ಲ, ದುಡ್ಡೂ ಇಲ್ಲ. ಬರೀ ಅಕ್ಷರದ ಒಂದು ಕಡತದಲ್ಲಿ ದಿನದ ವಹಿವಾಟು ಬರೆದಿಟ್ಟು, ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಕೊಟ್ಟರೆ ವರದಿ ಉದುರುತ್ತದೆ. ಹಳೆಯ ಮಾತಿನಲ್ಲಿ ಹೇಳುವುದಾದರೆ ನಾವು ಕಿರ್ದಿ ಬರೆಯುತ್ತೇವೆ, ಖತಾವಣಿಯನ್ನೂ ತಾಳೆಪಟ್ಟಿಯನ್ನೂ ಅದು ಮಾಡಿಕೊಡುತ್ತದೆ. ಈ ಮನೆತನದ ಹಿರಿಯ ಜಾನ್ ವೀಗ್ಲಿ 2003ರಲ್ಲಿ ಹೊರತಂದ ಲೆಡ್ಜರ್. ಅದರ ಜಾಡು ಹಿಡಿದು ಸೈಮನ್ ಮೈಕೆಲ್ 2007ರಲ್ಲಿ ಎಚ್‌ಲೆಡ್ಜರ್ ಶುರುಮಾಡಿದರು. ಮಾರ್ಟಿನ್ ಬ್ಲೇ ಅವರ ಬೀನ್‌ಕೌಂಟ್ ಇನ್ನೊಂದು ಕವಲು. ಖಾತೆಗಳ ಹೆಸರನ್ನು ಕನ್ನಡದಲ್ಲೇ ಬರೆಯಬಹುದು ಎಂಬುದು ನಾನು ಇದಕ್ಕೆ ಮರುಳಾದ ಮೊದಲ ಕಾರಣ. ಒತ್ತಕ್ಷರ ಬಂದಾಗ ಟರ್ಮಿನಲ್ಲಿನ ಸಾಲುಗಳು ಸೊಟ್ಟ ನಿಲ್ಲುತ್ತವೆ, ಅದು ಬೇರೆ ಮಾತು. ಅಕ್ಕಡಿ ಸಾಲಿನ ಹೊಲ ನೋಡಿದ ಕಣ್ಣಿಗೆ ಅದೇನೂ ದೊಡ್ಡದಲ್ಲ.

ಈಗ ಒಂದು ಲೆಕ್ಕ ಹಿಡಿಯೋಣ. ಹೆಸರೂ ಅಂಕಿಯೂ ನಾನೇ ಇಟ್ಟುಕೊಂಡವು. ಉಜ್ಜಿನಿಯ ಈರಣ್ಣ ಮುಂಗಾರಿಗೆ ಬೀಜ ಗೊಬ್ಬರಕ್ಕೆಂದು ಅಂಗಡಿಯಿಂದ 18,000 ರೂಪಾಯಿ ಮುಂಗಡ ತೆಗೆದುಕೊಂಡ. ದೀಪಾವಳಿಯ ಹೊತ್ತಿಗೆ ಹತ್ತು ಕ್ವಿಂಟಲ್ ಶೇಂಗಾ ತಂದ, ಅದು 61,400ಕ್ಕೆ ಹೋಯಿತು. ಮುಂಗಡ ಮುರಿದುಕೊಂಡು, ಹಮಾಲಿ ತೂಕದ ಖರ್ಚು 1,150 ಕಳೆದು, ಉಳಿದ 42,250 ಅವನ ಕೈಗೆ ಕೊಟ್ಟರು. ಬಡ್ಡಿಯ ಮಾತು ಇಲ್ಲಿ ಎತ್ತುವುದು ಬೇಡ, ಅದಕ್ಕೆ ಬೇರೆಯೇ ಪ್ರಬಂಧ ಬೇಕು. ಈರಣ್ಣನ ಖಾತೆಯಲ್ಲಿ ಒಂದು ಕಡೆ 61,400, ಇನ್ನೊಂದು ಕಡೆ 61,400. ಚುಕ್ತಾ.

ಎಚ್‌ಲೆಡ್ಜರಿಗೆ ಬಾಕಿಪಟ್ಟಿ ಕೇಳಿದೆ. ಪಟ್ಟಿಯಲ್ಲಿ ಈರಣ್ಣನಿಲ್ಲ. ಸೊನ್ನೆ ಉಳಿದ ಖಾತೆಗಳನ್ನು ತೋರಿಸದಿರುವುದು ಅದರ ರೂಢಿ, ಹಿರಿಯ ಲೆಡ್ಜರಿನಿಂದ ಬಂದ ರೂಢಿ. ಇರಲಿ, ಎಲ್ಲರ ಪಟ್ಟಿಯಲ್ಲಿ ಬೇಡ, ಅವನ ಹೆಸರು ಹಿಡಿದೇ ಕೇಳೋಣ ಎಂದು ಈರಣ್ಣನ ಖಾತೆ ಮಾತ್ರ ಕೇಳಿದೆ. ಪರದೆಯ ಮೇಲೆ ಒಂದು ಅಡ್ಡಗೆರೆ, ಅದರ ಕೆಳಗೆ ಒಂದು ಸೊನ್ನೆ. ಹೆಸರಿಲ್ಲ. ಸುಮ್ಮನೆ ಪರೀಕ್ಷೆಗೆಂದು, ಆ ಪುಸ್ತಕದಲ್ಲೇ ಇಲ್ಲದ ಒಬ್ಬನ ಹೆಸರು ಕೊಟ್ಟು ಕೇಳಿದೆ. ಅದೇ ಅಡ್ಡಗೆರೆ, ಅದೇ ಸೊನ್ನೆ.

ನನ್ನ ತಕರಾರು ಪೂರ್ತಿಯಾಗಿ ಇಲ್ಲಿದೆ. ಈರಣ್ಣ ಪೈಸೆ ಪೈಸೆ ತೀರಿಸಿದ್ದಾನೆ ಎಂಬುದಕ್ಕೂ ಈರಣ್ಣ ಎಂಬ ಗಿರಾಕಿಯೇ ನಮಗಿಲ್ಲ ಎಂಬುದಕ್ಕೂ ವರದಿ ಒಂದೇ ಉತ್ತರ ಕೊಡುತ್ತದೆ. ಗುಮಾಸ್ತನೊಬ್ಬ ಹೀಗೆ ಉತ್ತರಿಸಿದ್ದರೆ ಕೊಟ್ಟೂರಿನಲ್ಲಿ ಅವನಿಗೆ ಮರುದಿನ ಕೆಲಸ ಇರುತ್ತಿರಲಿಲ್ಲ.

ತಂತ್ರಾಂಶ ಬರೆದವರು ಇದಕ್ಕೆ ದಾರಿ ಇಟ್ಟಿಲ್ಲವೆಂದಲ್ಲ. ಕಮಾಂಡಿನ ಕೊನೆಗೆ ಒಂದು ಅಡ್ಡಗೆರೆ ಎಳೆದು ಇಂಗ್ಲಿಷಿನ ದೊಡ್ಡ ಇ ಅಕ್ಷರ ಸೇರಿಸಿದರೆ ಸೊನ್ನೆಯ ಖಾತೆಗಳೂ ಸಾಲಿಗೆ ಬರುತ್ತವೆ. ಇ ಅಂದರೆ ಎಂಪ್ಟಿ, ಖಾಲಿ. ಈ ಹೆಸರಿನಲ್ಲೇ ತಪ್ಪಿದೆ ಎಂದು ನನಗನ್ನಿಸುತ್ತದೆ. 61,400 ಬಂದು 61,400 ಹೋದ ಖಾತೆಯನ್ನು ಖಾಲಿ ಎನ್ನುವುದು ಹೇಗೆ? ಅಮಾವಾಸ್ಯೆಯ ಸಂಜೆ ಸಂತೆ ಎದ್ದುಹೋದ ಮೈದಾನ ಖಾಲಿ. ಸಂತೆಯೇ ನೆರೆಯದ ಊರಿನ ಮೈದಾನವೂ ಖಾಲಿ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಕಸ ಗುಡಿಸುವವಳು ನಕ್ಕಾಳು.

ತೋರಿಸದಿರುವ ಈ ರೂಢಿಯ ಹಿಂದೆ ಒಂದು ತರ್ಕವಿದೆ. ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಕಮಾಂಡ್ ಲೈನಿನ ಸಂಸ್ಕೃತಿ ಹುಟ್ಟಿದ್ದು ಯೂನಿಕ್ಸ್ ಎಂಬ ವ್ಯವಸ್ಥೆಯ ಜೊತೆ, 1969ರ ನಂತರ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಆಗ ಉತ್ತರ ಬರುತ್ತಿದ್ದದ್ದು ಪರದೆಯ ಮೇಲಲ್ಲ, ಟೆಲಿಟೈಪ್ ಯಂತ್ರದ ಕಾಗದದ ಮೇಲೆ. ಆ ಕಾಲದ ಹೆಸರಾಂತ ಮಾದರಿಯೊಂದು ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುತ್ತಿತ್ತು. ಹಾಗೆ ಕುಟ್ಟುವ ಯಂತ್ರಕ್ಕೆ ಹೇಳಲು ಏನೂ ಇಲ್ಲದಿದ್ದರೆ ಸುಮ್ಮನಿರು ಎಂದು ಕಲಿಸಿದ್ದು ಬುದ್ಧಿವಂತಿಕೆಯೇ. ಮೌನವೇ ಶುಭವಾರ್ತೆ ಎಂಬುದು ಆ ವಂಶದ ಕುಲಾಚಾರವಾಯಿತು. ಯಂತ್ರಗಳು ಬದಲಾದವು, ಕುಲಾಚಾರ ಉಳಿಯಿತು.

ಈ ಮೌನ ನಿಜವಾಗಿ ಒದಗಿಬರುವ ಜಾಗವೂ ಇದೆ. ಅನಾಮತ್ತು ಖಾತೆ ಗೊತ್ತಲ್ಲ? ಯಾರದೆಂದು ಸದ್ಯಕ್ಕೆ ಗೊತ್ತಿಲ್ಲದ ಹಣವನ್ನು ತಂಗಿಸುವ ಧರ್ಮಛತ್ರ ಅದು. ಬ್ಯಾಂಕಿಗೆ ಯಾರೋ 3,000 ಹಾಕಿದ್ದಾರೆ, ಯಾರೆಂದು ತಿಳಿಯುವವರೆಗೆ ಅನಾಮತ್ತಿನಲ್ಲಿ ಇಡು, ತಿಳಿದ ಮೇಲೆ ಎತ್ತಿ ಅವರ ಖಾತೆಗೆ ಹಾಕು. ಇಂಥ ಖಾತೆ ಸೊನ್ನೆಯಾಗಿ ಮಾಯವಾಗಿದ್ದರೆ ಒಳ್ಳೆಯದೇ, ವರದಿಯಲ್ಲಿ ಅದು ಮುಖ ತೋರಿಸಿದರೆ ಎಲ್ಲೋ ಗಂಟು ಬಿಚ್ಚಿಲ್ಲ ಎಂದರ್ಥ. ಹೀಗೆ ದಿನಾ ತನಗೆ ತಾನೇ ಲೆಕ್ಕ ನೋಡಿಕೊಳ್ಳುವವನಿಗೆ ಸೊನ್ನೆಗಳನ್ನು ಮರೆಮಾಡುವ ವರದಿ ಸೊಗಸಾಗಿ ಕೆಲಸ ಮಾಡುತ್ತದೆ. ಮುನ್ನೂರು ಗಿರಾಕಿಗಳಲ್ಲಿ ಇನ್ನೂರೈವತ್ತು ಮಂದಿ ತೀರಿಸಿದ್ದರೆ ಐವತ್ತು ಮಂದಿಯನ್ನಷ್ಟೇ ನೋಡುವುದು ಕಣ್ಣಿಗೂ ಹಿತ. ತನಗಾಗಿ ಬರೆದುಕೊಂಡ ಚೀಟಿಗೆ ಈ ನಿಯಮ ಸರಿ. ಇನ್ನೊಬ್ಬರ ಮುಂದೆ ಇಡುವ ಲೆಕ್ಕಕ್ಕೂ ಅದೇ ನಿಯಮ ಹಚ್ಚಿದಾಗ ಎಡವಟ್ಟು ಶುರುವಾಗುತ್ತದೆ. ವರದಿ ಅನ್ನುವ ಶಬ್ದವೇ ಹೇಳುವಂತೆ ಅದು ಇನ್ನೊಬ್ಬರಿಗೆ ಒಪ್ಪಿಸುವಂಥದ್ದು.

ಇದಕ್ಕಿಂತ ಕೆಟ್ಟ ಗಳಿಗೆ ಮೇಲಿನ ಹಂತದ ವರದಿಯಲ್ಲಿ ಬರುತ್ತದೆ. ಖಾತೆಗಳನ್ನು ಈ ತಂತ್ರಾಂಶಗಳು ಮರದ ಹಾಗೆ ಜೋಡಿಸುತ್ತವೆ: ರೈತರು ಎಂಬ ಬೊಡ್ಡೆ, ಅದರಲ್ಲಿ ಈರಣ್ಣ, ಬಸಮ್ಮ, ಕೊಟ್ರೇಶಿ ಎಂಬ ಟೊಂಗೆಗಳು. ಟೊಂಗೆ ಬೇಡ, ಬೊಡ್ಡೆಯ ಮೊತ್ತವಷ್ಟೇ ಸಾಕು ಎಂದು ಕೇಳಬಹುದು. ಬಸಮ್ಮ ನಮಗೆ 20,000 ಕೊಡಬೇಕು, ಕೊಟ್ರೇಶಿಗೆ ನಾವು 20,000 ಕೊಡಬೇಕು ಎಂದುಕೊಳ್ಳಿ. ಬೊಡ್ಡೆಯ ಮೊತ್ತ ಸೊನ್ನೆ. ಸೊನ್ನೆಯಾದ್ದರಿಂದ ಬೊಡ್ಡೆಯೇ ವರದಿಯಿಂದ ಮಾಯ. ನಲವತ್ತು ಸಾವಿರದ ಕೊಡು ಕೊಳ್ಳುವಿಕೆ ಬಾಕಿ ಬಿದ್ದಿರುವಾಗ ವರದಿಯಲ್ಲಿ ರೈತರು ಎಂಬ ಶಬ್ದವೇ ಇರುವುದಿಲ್ಲ. ಈರಣ್ಣನ ಸೊನ್ನೆ ತೀರಿದ ಸೊನ್ನೆ, ಇದು ಒಂದನ್ನೊಂದು ನುಂಗಿ ಕೂತ ಸೊನ್ನೆ. ಬ್ರಹ್ಮಗುಪ್ತ 628ರಲ್ಲಿ ಧನವೂ ಋಣವೂ ಸಮವಾಗಿ ಕೂಡಿದರೆ ಶೂನ್ಯ ಎಂದು ನಿಯಮ ಹೇಳಿದಾಗ ಗಣಿತ ಹೇಳುತ್ತಿದ್ದ, ಸರಿಯಾಗಿಯೇ ಹೇಳಿದ. ಆದರೆ ಅವನು ಆರಿಸಿಕೊಂಡ ಪದಗಳು ಅಂಗಡಿಯವು, ಆಸ್ತಿ ಮತ್ತು ಸಾಲ. ಅಂಗಡಿಯಲ್ಲಿ ಒಬ್ಬನ ಧನದಿಂದ ಇನ್ನೊಬ್ಬನ ಋಣ ತೀರುವುದಿಲ್ಲ. ಬಸಮ್ಮನ ಬಾಕಿಯನ್ನು ಕೊಟ್ರೇಶಿಯ ತಲೆಗೆ ಕಟ್ಟಿದರೆ ಅವನು ಬಿಡುತ್ತಾನೆಯೇ?

ಹಾಗಾದರೆ ಹಳೆಯ ಪದ್ಧತಿಯೇ ಚಂದವಿತ್ತು ಎಂದು ಹೊರಡುವುದು ಸುಲಭ. ಇಂಥ ಬರಹಗಳು ಸಾಮಾನ್ಯವಾಗಿ ಆ ಹಳ್ಳಕ್ಕೇ ಬೀಳುತ್ತವೆ. ಹಳೆಯ ಪದ್ಧತಿಯನ್ನೂ ಕೊಂಚ ಒರೆಗೆ ಹಚ್ಚಬೇಕು.

ಇಂದು ಆಫೀಸಿನ ಫೈಲಿಗೆ ಕಡತ ಎನ್ನುತ್ತೇವಲ್ಲ, ಅದು ಮೊದಲು ಬಟ್ಟೆಯ ಪುಸ್ತಕದ ಹೆಸರು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಬರೆಯುವುದು ಬಳಪದಿಂದ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ರಾಶಿಯೇ ಉಳಿದು ಬಂದಿದೆ. ಬಳಪದಿಂದ ಬರೆದದ್ದನ್ನು ಒರೆಸಬಹುದು, ಒರೆಸಿ ಮತ್ತೆ ಬರೆಯಬಹುದು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಬೇಡವಾದದ್ದನ್ನು ಅಳಿಸುವ ಸೌಕರ್ಯ: ಟರ್ಮಿನಲ್ಲಿನ ಪೂರ್ವಜ ಎಂದು ತಮಾಷೆಗೆ ಹೇಳಬಹುದು. ಕಡತದಲ್ಲಿ ಲೆಕ್ಕ ತೀರಿದ ಮೇಲೆ ಸಾಲು ಒರೆಸಿಹಾಕಿದರೆ ಸೊನ್ನೆಗೂ ಇಲ್ಲದಿರುವಿಕೆಗೂ ವ್ಯತ್ಯಾಸವೇ ಉಳಿಯದು. ಎಚ್‌ಲೆಡ್ಜರ್ ಕನಿಷ್ಠ ಕಿರ್ದಿಯಲ್ಲಿ ಎಲ್ಲವನ್ನೂ ಇಟ್ಟುಕೊಂಡಿರುತ್ತದೆ, ತೋರಿಸುವಾಗ ಮಾತ್ರ ಮರೆಮಾಡುತ್ತದೆ.

ಕಾಗದದ ಪುಸ್ತಕ ಬಂದ ಮೇಲೂ ಪೂರ್ತಿ ನಿರಾಳವಾಗಲಿಲ್ಲ. ದೀಪಾವಳಿಯ ಪಾಡ್ಯಕ್ಕೆ ಹೊಸ ಪುಸ್ತಕ ಪೂಜೆ ಮಾಡಿ ತೆರೆದಾಗ ಹಳೆಯದರಿಂದ ಬಾಕಿಗಳನ್ನು ಮಾತ್ರ ಮುಂದಕ್ಕೆ ಒಯ್ಯುತ್ತಾರೆ. ಚುಕ್ತಾ ಆದವನ ಹೆಸರು ಹಳೆಯ ಪುಸ್ತಕದಲ್ಲೇ ಉಳಿಯುತ್ತದೆ, ಹಳೆಯ ಪುಸ್ತಕ ಅಟ್ಟಕ್ಕೆ ಹೋಗುತ್ತದೆ. ಅಂದರೆ ಸೊನ್ನೆಯ ಖಾತೆಯನ್ನು ಬಿಡುವ ರೂಢಿಯನ್ನು ಯೂನಿಕ್ಸಿನಿಂದ ಕಲಿಯುವ ಅಗತ್ಯ ನಮ್ಮವರಿಗೆ ಇರಲಿಲ್ಲ. ಅಟ್ಟದ ಕೀಲಿ ಸಾಹುಕಾರನ ಸೊಂಟದಲ್ಲಿ. ಹತ್ತು ವರ್ಷ ನೆಟ್ಟಗೆ ತೀರಿಸಿದ ರೈತ ಅದನ್ನು ತೋರಿಸಿ ಬೇರೆ ಕಡೆ ಸಾಲ ಕೇಳುವಂತಿಲ್ಲ, ಅವನ ನೇರ್ಪಿನ ಪುರಾವೆ ಇನ್ನೊಬ್ಬನ ಅಟ್ಟದಲ್ಲಿ ಗೆದ್ದಲಿನ ಪಾಲು. ಬಾಕಿ ಉಳಿಸಿಕೊಂಡವನ ಹೆಸರು ಮಾತ್ರ ವರ್ಷ ವರ್ಷ ಹೊಸ ಪುಸ್ತಕಕ್ಕೆ ಅರಿಸಿನ ಕುಂಕುಮದ ಜೊತೆ ಏರುತ್ತದೆ. ಪಟ್ಟಿಯಲ್ಲಿ ಕಾಣಬೇಕಾದರೆ ತಪ್ಪಬೇಕು ಎಂಬ ಈ ನ್ಯಾಯ ಪುಸ್ತಕದಲ್ಲೂ ಇದೆ, ಪರದೆಯಲ್ಲೂ ಇದೆ.

ಸೊನ್ನೆಯನ್ನು ಬರೆದು ತೋರಿಸುವ ಶಿಸ್ತನ್ನು ನಮ್ಮ ಕಡೆ ನಾನು ಕಂಡದ್ದು ಅಂಗಡಿಗಿಂತ ಹೆಚ್ಚಾಗಿ ಕಂದಾಯದ ಕಾಗದಗಳಲ್ಲಿ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸಿಗೆ ಸೇರಿತ್ತು, ಊರ ಲೆಕ್ಕ ಬರೆಯುವವನು ಇಲ್ಲಿ ಕರಣಂ. ಥಾಮಸ್ ಮನ್ರೋ 1800ರಿಂದ 1807ರವರೆಗೆ ದತ್ತಮಂಡಲ ಎಂದು ಕರೆಯುತ್ತಿದ್ದ ಈ ಸೀಮೆಯ ಕಲೆಕ್ಟರ್ ಆಗಿದ್ದು ಹೊಲ ಹೊಲ ಅಳೆಸಿದ ಕಾಲದಿಂದ ಕಂದಾಯ ಬರದ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಚಾಳಿ ಇಲ್ಲಿ ಬೇರೂರಿದೆ. ಇವತ್ತಿನ ಪಹಣಿ ತೆಗೆದು ನೋಡಿ. ಹೊಲದ ಒಟ್ಟು ವಿಸ್ತೀರ್ಣ, ಅದರಲ್ಲಿ ಅ ಖರಾಬು ಎಷ್ಟು, ಬ ಖರಾಬು ಎಷ್ಟು, ಉಳಿದದ್ದು ಎಷ್ಟು. ಬಂಡೆಯೋ ಹಳ್ಳವೋ ದಾರಿಯೋ ಆದ ಖರಾಬಿಗೆ ಕಂದಾಯ ಸೊನ್ನೆ. ಸರ್ಕಾರದ ಬೊಕ್ಕಸದ ಕಣ್ಣಿನಿಂದ ನೋಡಿದರೆ ಅದನ್ನು ಬರೆಯುವ ಗರಜೇ ಇಲ್ಲ. ಆದರೆ ಬರೆಯದಿದ್ದರೆ ಒಟ್ಟು ವಿಸ್ತೀರ್ಣ ತಾಳೆಯಾಗದು. ಖರಾಬು ಒಂದಿಷ್ಟೂ ಇಲ್ಲದ ಹೊಲದ ಪಹಣಿಯಲ್ಲೂ ಆ ಜಾಗವನ್ನು ಖಾಲಿ ಬಿಡುವುದಿಲ್ಲ, ಸೊನ್ನೆಗಳನ್ನೇ ಸಾಲಾಗಿ ಅಚ್ಚುಹಾಕಿರುತ್ತಾರೆ. ನೋಡಿದ್ದೇವೆ, ಇಲ್ಲ ಎಂದು ಹೇಳುವುದು ಬೇರೆ, ನೋಡದೆ ಬಿಡುವುದು ಬೇರೆ ಎಂಬ ತಿಳಿವಳಿಕೆ ಆ ಸೊನ್ನೆಗಳಲ್ಲಿದೆ.

ಬೇಚರಾಕ್ ಗ್ರಾಮಗಳ ಕಥೆ ಇನ್ನೂ ಒಂದು ಹೆಜ್ಜೆ ಮುಂದಿನದು. ಬೇ ಚಿರಾಗ್, ದೀಪವಿಲ್ಲದ್ದು. ಜನ ಬಿಟ್ಟುಹೋದ ಊರು. ಪ್ಲೇಗಿಗೋ ಬರಕ್ಕೋ ಕಳ್ಳರ ಹಾವಳಿಗೋ ಹೆದರಿ ಎದ್ದುಹೋದ ಹಳ್ಳಿಗಳು ಈ ಸೀಮೆಯಲ್ಲೂ ಇವೆ, ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಎಬ್ಬಿಸಿದ ಊರುಗಳೂ ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಯ ನೆನಪಿನಲ್ಲಿವೆ. ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಹಳ್ಳಿಗಳ ಪಟ್ಟಿ ನೋಡಿದರೆ ಬೇಚರಾಕ್ ಗ್ರಾಮಕ್ಕೂ ಹೆಸರಿದೆ, ಸಂಖ್ಯೆಯಿದೆ, ವಿಸ್ತೀರ್ಣವಿದೆ. ಜನಸಂಖ್ಯೆಯ ಕಡೆ ಮಾತ್ರ ಜನವಸತಿ ಇಲ್ಲವೆಂಬ ಗುರುತು. ಯಾಕೆ ಬಿಟ್ಟುಬಿಡಲಿಲ್ಲ? ಯಾಕೆಂದರೆ ಆ ಊರ ಎಲ್ಲೆಯೊಳಗೆ ಪಕ್ಕದ ಊರಿನವರು ಇಂದಿಗೂ ಜೋಳ ಬಿತ್ತುತ್ತಾರೆ, ಅವರ ಪಹಣಿಯ ತಲೆಯ ಮೇಲೆ ದೀಪವಿಲ್ಲದ ಆ ಊರಿನ ಹೆಸರೇ ಇರುತ್ತದೆ. ಹನುಮಪ್ಪನ ಗುಡಿಯೂ ಒಂದು ಇರುತ್ತದೆ, ವರ್ಷಕ್ಕೊಮ್ಮೆ ಹೋಗಿ ಕಾಯಿ ಒಡೆದು ಬರುತ್ತಾರೆ. ಒಂದು ಕಾಲಮ್ಮಿನ ಸೊನ್ನೆ ಇಡೀ ಸಾಲನ್ನು ಸೊನ್ನೆ ಮಾಡುವುದಿಲ್ಲ. ಎಚ್‌ಲೆಡ್ಜರಿನ ಬಾಕಿಪಟ್ಟಿಯಲ್ಲಿ ಇರುವುದು ಅಖೈರು ಬಾಕಿಯ ಒಂದೇ ಕಾಲಮ್ಮು, ಅದು ಸೊನ್ನೆಯಾದರೆ ಸಾಲೇ ಸತ್ತಿತೆಂದು ಅದು ತೀರ್ಮಾನಿಸುತ್ತದೆ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಇನ್ನೆರಡು ಕಾಲಮ್ಮು ಪಕ್ಕದಲ್ಲಿದ್ದಿದ್ದರೆ ಈರಣ್ಣನನ್ನು ಯಾರೂ ಅಳಿಸಲಾರರು.

ಹರಪನಹಳ್ಳಿಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅವರ ತಾಲ್ಲೂಕು ಬಳ್ಳಾರಿಯ ಪುಸ್ತಕದಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ವರ್ಗವಾಯಿತು. ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ಮೇಲೆ 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದರ ಪಾಲಾಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೂರು ಸಲ ಒಂದು ಖಾತೆಯಿಂದ ಇನ್ನೊಂದಕ್ಕೆ ಜಮಾ ಖರ್ಚು. 2011ರ ಜನಗಣತಿಯ ದಾವಣಗೆರೆಯಲ್ಲಿ ಹರಪನಹಳ್ಳಿ ಇದೆ, ಇವತ್ತಿನ ದಾವಣಗೆರೆಯಲ್ಲಿ ಇಲ್ಲ. ಎರಡು ಕಾಲದ ಅಂಕಿಗಳನ್ನು ಪಕ್ಕದಲ್ಲಿಟ್ಟವನಿಗೆ ಹೊಸ ಪಟ್ಟಿಯಲ್ಲಿ ಹರಪನಹಳ್ಳಿ ಸೊನ್ನೆ, ವರ್ಗವಾಗಿದೆ ಎಂಬ ಒಂದು ಸಾಲು ಕಾಣದಿದ್ದರೆ ದಾವಣಗೆರೆಯೇ ಸೊರಗಿತೆಂದು ತಿಳಿದಾನು. ಖಾತೆಯೊಂದನ್ನು ಒಡೆದು ಬೇರೆ ಹೆಸರಿಗೆ ಸಾಗಿಸಿದ ಯಾವ ಲೆಕ್ಕಿಗನಿಗೂ ಇದು ಗೊತ್ತು. ಬಿಟ್ಟುಹೋದ ಮನೆಯ ಬಾಗಿಲಿಗೆ ಹೊಸ ವಿಳಾಸ ಅಂಟಿಸಿ ಹೋಗಬೇಕು.

ಈ ವಿಷಯದಲ್ಲಿ ಮೂರು ತಂತ್ರಾಂಶಗಳನ್ನು ತೂಗಿ ನೋಡಿದರೆ ನನ್ನ ತಕ್ಕಡಿ ಬೀನ್‌ಕೌಂಟಿನ ಕಡೆ ವಾಲುತ್ತದೆ. ಅಲ್ಲಿ ಖಾತೆಯನ್ನು ಬಳಸುವ ಮೊದಲು ಇಂಥ ದಿನ ತೆರೆದೆ ಎಂದು ಬರೆಯಲೇಬೇಕು, ಬೇಕಾದರೆ ಇಂಥ ದಿನ ಮುಚ್ಚಿದೆ ಎಂದೂ ಬರೆಯಬಹುದು. ಹುಟ್ಟು ಸಾವು ಎರಡೂ ದಾಖಲು. ಅದರ ವರದಿಗಳನ್ನು ಬ್ರೌಸರಿನಲ್ಲಿ ತೋರಿಸುವ ಫಾವಾ ಎಂಬ ಜೊತೆಗಾರ ತಂತ್ರಾಂಶದಲ್ಲಿ ಮೂರು ಬೇರೆ ಬೇರೆ ಸ್ವಿಚ್ಚುಗಳಿವೆ: ಮುಚ್ಚಿದ ಖಾತೆ ತೋರಿಸಬೇಕೇ, ಬಾಕಿ ಸೊನ್ನೆಯಾದದ್ದನ್ನು ತೋರಿಸಬೇಕೇ, ಒಂದೂ ವಹಿವಾಟು ಆಗದ್ದನ್ನು ತೋರಿಸಬೇಕೇ. ನಾವಾಗಿ ಏನೂ ಹೇಳದಿದ್ದರೆ ಅದು ಮುಚ್ಚಿದ್ದನ್ನು ಮಾತ್ರ ಮರೆಮಾಡುತ್ತದೆ, ಉಳಿದೆರಡನ್ನೂ ತೋರಿಸುತ್ತದೆ. ಬೇಚರಾಕ್ ಯಾವುದು, ಚುಕ್ತಾ ಯಾವುದು, ಇನ್ನೂ ಗಿರಾಕಿಯೇ ಬಾರದ ಹೊಸ ಹಾಳೆ ಯಾವುದು ಎಂದು ಬಿಡಿಸಿ ನೋಡಿದ ಕಣ್ಣು ಅದರದು. ಸೊನ್ನೆಗಳೆಲ್ಲ ಒಂದೇ ಬಣ್ಣದವಲ್ಲ ಎಂದು ಒಪ್ಪಿಕೊಂಡ ಒಂದೇ ಕಾರಣಕ್ಕೆ ಅದಕ್ಕೆ ಹೆಚ್ಚು ಅಂಕ.

ಎಚ್‌ಲೆಡ್ಜರಿನಲ್ಲೂ ಬಿಡಿಭಾಗಗಳೆಲ್ಲ ಇವೆ. ಖಾತೆಗಳನ್ನು ಮೊದಲೇ ಘೋಷಿಸಬಹುದು. ಘೋಷಿಸಿಯೂ ಬಳಸದ ಖಾತೆ ಯಾವುದು, ಘೋಷಿಸದೆ ನುಗ್ಗಿದ್ದು ಯಾವುದು ಎಂದು ಪಟ್ಟಿ ಕೇಳಬಹುದು. ಘೋಷಿಸಿದ ಖಾತೆಗಳನ್ನೆಲ್ಲ ಬಾಕಿಪಟ್ಟಿಗೆ ಎಳೆದು ತರುವ ಸೂಚನೆಯೂ ಇದೆ. ಬಿಡಿಬಿಡಿಯಾಗಿರುವ ಇವನ್ನು ಕೂಡಿಸಿ ಅರ್ಥ ಕಟ್ಟುವ ಹೊಣೆ ಮಾತ್ರ ನಮ್ಮ ತಲೆಯ ಮೇಲೆ. ಇನ್ನೊಂದು ಕಿರಿಕಿರಿ: ಅದೇ ಮನೆಯ ಕೂಸಾದ ಎಚ್‌ಲೆಡ್ಜರ್ ಯುಐ, ಪರದೆಯ ಮೇಲೆ ಬಾಣದ ಕೀಲಿ ಒತ್ತಿ ಓಡಾಡುವಂಥದ್ದು, ಸೊನ್ನೆಯ ಖಾತೆಗಳನ್ನು ತಾನಾಗಿಯೇ ತೋರಿಸುತ್ತದೆ. ಅಲ್ಲಿ ಅದೇ ದೊಡ್ಡ ಇ ಅಕ್ಷರ ಕೊಟ್ಟರೆ ಮರೆಮಾಡುತ್ತದೆ. ಅಣ್ಣನ ಮನೆಯಲ್ಲಿ ಬಾ ಅಂದರೆ ಬಾ, ತಮ್ಮನ ಮನೆಯಲ್ಲಿ ಬಾ ಅಂದರೆ ಹೋಗು. ಕೈಪಿಡಿಯಲ್ಲಿ ಇದನ್ನು ಮುಚ್ಚಿಟ್ಟಿಲ್ಲ, ಪ್ರಾಮಾಣಿಕವಾಗಿ ಬರೆದಿದ್ದಾರೆ. ಅದನ್ನು ಓದಿದ ಮೇಲೂ ನಾನು ಎರಡು ಸಲ ಮೋಸಹೋದೆ. ಆದರೂ ಈ ಎಡವಟ್ಟಿನೊಳಗೆ ಒಂದು ಒಪ್ಪಿಗೆ ಅಡಗಿದೆ ಅನ್ನಿಸುತ್ತದೆ. ಮನುಷ್ಯ ಖಾತೆಗಳ ನಡುವೆ ಓಡಾಡುವಾಗ ಸೊನ್ನೆಯದ್ದೂ ಕಾಣಲಿ ಎಂದು ಅಲ್ಲಿ ತೋರಿದ್ದು ಸಾಲು ಸಾಲಾಗಿ ಅಚ್ಚಾಗುವ ವರದಿಯಲ್ಲಿ ಯಾಕೆ ತೋರಲಿಲ್ಲ?

ಎಲ್ಲ ಸೊನ್ನೆಯನ್ನೂ ಎಲ್ಲರಿಗೂ ತೋರಿಸು ಎಂದು ನಾನು ಹೇಳಲಾರೆ. ತೋರಿಸಿದ ಸೊನ್ನೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಯಿದೆ. ಕೂಡ್ಲಿಗಿಯ ಸಂತೆಯಲ್ಲಿ ನಿಂತು ಝೀರೋ ಬ್ಯಾಲೆನ್ಸ್ ಎಂದರೆ ಯಾರೂ ಎಚ್‌ಲೆಡ್ಜರ್ ನೆನೆಯುವುದಿಲ್ಲ, 2014ರ ಆಗಸ್ಟ್ 28ರಂದು ಶುರುವಾದ ಜನಧನ ಯೋಜನೆಯ ಪಾಸ್‌ಬುಕ್ ನೆನೆಯುತ್ತಾರೆ. ಮೊದಲ ತಿಂಗಳುಗಳಲ್ಲಿ ಆ ಖಾತೆಗಳ ಮುಕ್ಕಾಲು ಭಾಗ ಸೊನ್ನೆಯಲ್ಲೇ ಕೂತಿದ್ದವು. ಎಷ್ಟು ಶೇಕಡಾ ಸೊನ್ನೆ ಎಂಬ ಅಂಕಿ ವರದಿಯಲ್ಲಿ ಕಾಣತೊಡಗಿದ ಮೇಲೆ ಅದು ಯೋಜನೆಯ ಮಾನದಂಡವಾಯಿತು, ಎರಡು ವರ್ಷದಲ್ಲಿ ಕಾಲು ಭಾಗಕ್ಕೆ ಇಳಿಯಿತು. ಇಳಿದದ್ದರಲ್ಲಿ ಜನ ಹಾಕಿದ ಹಣವೂ ಇತ್ತು. ಜೊತೆಗೆ, ಸೊನ್ನೆ ಕಾಣಬಾರದೆಂದು ಬ್ಯಾಂಕಿನವರೇ ಒಂದೊಂದು ರೂಪಾಯಿ ಹಾಕಿದ ಖಾತೆಗಳೂ ಇದ್ದವೆಂದು 2016ರಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆ ಬಯಲಿಗೆಳೆಯಿತು. ಒಂದು ರೂಪಾಯಿ ಹಾಕಿದರೆ ಸೊನ್ನೆ ಸಾಯುತ್ತದೆ, ಖಾತೆದಾರನ ಬಡತನ ಸಾಯುವುದಿಲ್ಲ. ಯಾವ ಸೊನ್ನೆ ಎಂದು ಹೇಳದೆ ಎಷ್ಟು ಸೊನ್ನೆ ಎಂದು ಮಾತ್ರ ಎಣಿಸಿದರೆ ಹೀಗಾಗುತ್ತದೆ.

ಜಿಎಸ್‌ಟಿಯವರು ಇದಕ್ಕೆ ತಿರುವುಮುರುವು. ತಿಂಗಳಿಡೀ ಒಂದು ರೂಪಾಯಿಯ ವ್ಯಾಪಾರ ಆಗದಿದ್ದರೂ ಆಗಲಿಲ್ಲ ಎಂದು ಬರೆದು ಕೊಡಲೇಬೇಕು, ನಿಲ್ ರಿಟರ್ನ್. ಕೊಡದಿದ್ದರೆ ದಿನಕ್ಕೆ 20 ರೂಪಾಯಿ ತಡದಂಡ. 2020ರ ಜೂನ್‌ನಿಂದ ಅದನ್ನು ಮೊಬೈಲಿನ ಎಸ್ಸೆಮ್ಮೆಸ್ಸಿನಲ್ಲೇ ಕಳಿಸಬಹುದು. ಹಡಗಲಿಯ ಸಣ್ಣ ಅಂಗಡಿಯವನು ಇದನ್ನು ಬೈದುಕೊಂಡೇ ಕಳಿಸುತ್ತಾನೆ, ಇಲ್ಲದ್ದನ್ನು ಇಲ್ಲ ಅನ್ನೋಕೂ ದಂಡವೇ ಎಂದು. ಬೈಗುಳ ನ್ಯಾಯವಾದದ್ದು. ಆದರೆ ಮರೆತವನಿಗೂ ವ್ಯಾಪಾರವಿಲ್ಲದವನಿಗೂ ವ್ಯತ್ಯಾಸ ತಿಳಿಯಬೇಕಾದ ಕಚೇರಿಗೆ ಮೌನ ಸಾಲದು.

ಎಚ್‌ಲೆಡ್ಜರಿನಲ್ಲಿ ನಾನು ಕೊನೆಗೆ ಹಿಡಿದ ದಾರಿ ಅದರ ಇನ್ನೊಂದು ಮೂಲೆಯಲ್ಲಿ ಸಿಕ್ಕಿತು. ಕಿರ್ದಿಯಲ್ಲಿ ಒಂದು ಮೊತ್ತ ಬರೆದ ಮೇಲೆ ಅದರ ಮುಂದೆ ಸಮ ಚಿಹ್ನೆ ಹಾಕಿ ಸೊನ್ನೆ ಬರೆಯಬಹುದು. ಈ ಹಣ ಕೊಟ್ಟ ಮೇಲೆ ಈ ಖಾತೆಯ ಬಾಕಿ ಸೊನ್ನೆ ಇರಲೇಬೇಕು ಎಂದು ಸಾರಿದಂತೆ. ಇಲ್ಲದಿದ್ದರೆ ತಂತ್ರಾಂಶ ಅಲ್ಲೇ ತಡೆದು ನಿಲ್ಲುತ್ತದೆ, ವರದಿ ಕೊಡಲು ಒಪ್ಪುವುದಿಲ್ಲ. ಗುಮಾಸ್ತನ ಎರಡು ಗೆರೆ ಮಾಡುತ್ತಿದ್ದದ್ದು ಇದನ್ನೇ. ಈರಣ್ಣನಿಗೆ 42,250 ಕೊಟ್ಟ ಸಾಲಿನ ಮುಂದೆ ಸಮ ಸೊನ್ನೆ ಎಂದು ಬರೆದಾಗ ಚುಕ್ತಾ ಎಂಬ ಶಬ್ದ ಕಡೆಗೂ ಯಂತ್ರಕ್ಕೆ ತಿಳಿಯುವ ಭಾಷೆಗೆ ಬಂತು. ನಾಳೆ ಹಿಂದಿನ ತಾರೀಕಿಗೆ ಹಮಾಲಿ ಖರ್ಚು 200 ತಪ್ಪಿ ಅವನ ಹೆಸರಿಗೆ ಬಿದ್ದರೆ ಈ ಸೊನ್ನೆ ಕೂಗುತ್ತದೆ. ಬರೀ ಬಾಕಿಪಟ್ಟಿಯಿಂದ ಅಳಿಸಿದ ಸೊನ್ನೆ ಕೂಗುವುದಿಲ್ಲ, 200 ರೂಪಾಯಿ ಸಾಲಗಾರನಾಗಿ ಈರಣ್ಣ ಸದ್ದಿಲ್ಲದೆ ಪಟ್ಟಿಯೊಳಗೆ ಬಂದು ಕೂತಿರುತ್ತಾನೆ.

ಲೆಕ್ಕ ಒಪ್ಪಿಸುವ ದಿನ ಮಾತ್ರ ದೊಡ್ಡ ಇ ಸೇರಿಸಿಯೇ ವರದಿ ತೆಗೆಯುತ್ತೇನೆ, ಉದ್ದವಾದರೂ ಆಗಲಿ. ಮುನ್ನೂರು ಹೆಸರು ನಾಲ್ಕೈದು ಹಾಳೆ ಹಿಡಿಯುತ್ತವೆ, ಅಷ್ಟೇ.

ಕಾಗದದ ಮಾತು ಬಂದದ್ದರಿಂದ ಇದೊಂದು. ಬೆಳೆ ಸಾಲಕ್ಕೆ ಅರ್ಜಿ ಹಾಕುವ ರೈತ ಊರಿನ ಸಹಕಾರ ಸಂಘಕ್ಕೂ ಸುತ್ತಲ ಬ್ಯಾಂಕುಗಳಿಗೂ ತಿರುಗಿ ಬೇಬಾಕಿ ಪ್ರಮಾಣಪತ್ರ ಕೂಡಿಸುತ್ತಾನೆ. ಬೇಚರಾಕಿನ ಬೇ ಯಾವುದೋ ಇದೂ ಅದೇ, ಅಲ್ಲಿ ದೀಪವಿಲ್ಲ, ಇಲ್ಲಿ ಬಾಕಿಯಿಲ್ಲ. ಆ ಕಾಗದದಲ್ಲಿ ಅವನ ಹೆಸರು, ತಂದೆಯ ಹೆಸರು, ಊರು, ಸರ್ವೆ ನಂಬರು, ಮುದ್ರೆ, ಸಹಿ ಎಲ್ಲ ಇರುತ್ತದೆ. ಮೊತ್ತ ಒಂದೇ, ಸೊನ್ನೆ. ಕೌಂಟರಿನ ಆಚೆ ಕೂತವರು ಕಂಪ್ಯೂಟರಿನಲ್ಲಿ ಹುಡುಕಿ "ನಿಮ್ಮ ಹೆಸರು ಬರ್ತಿಲ್ಲ" ಎಂದರೆ ಅವನ ಎದೆ ಧಸಕ್ಕೆನ್ನುತ್ತದೆ. ಬಾಕಿಯಿಲ್ಲದ್ದಕ್ಕೆ ಬರುತ್ತಿಲ್ಲವೋ, ಹೆಸರೇ ಬಿದ್ದುಹೋಗಿದೆಯೋ ಎಂದು ಅವನು ಮತ್ತೆ ಕೇಳುತ್ತಾನೆ, ಜೇಬಿನಿಂದ ಹೋದ ವರ್ಷದ ರಸೀದಿ ತೆಗೆದು ಗಾಜಿನ ಕೆಳಗಿನ ಸಂದಿಯಿಂದ ಒಳಗೆ ತಳ್ಳುತ್ತಾನೆ.